ಇಂಗ್ಲಿಷ್ ಪರೀಕ್ಷೆಯ ಕಜ್ಜಾಯ

ಪಿಯುಸಿಯಲ್ಲಿ ನಾನು ಫೇಲಾಗಿದ್ದು ಇಂಗ್ಲಿಷ್ ಒಂದರಲ್ಲೇ. ಮದುವೆಯಾಗಿ ಮಲ್ಲಿಪಟ್ಟಣಕ್ಕೆ ಬಂದಮೇಲೆ ಎರಡು ಸಲ ಪರೀಕ್ಷೆಗೆ ಕಟ್ಟಿದೆ. ಎರಡು ಸಲವೂ ಹಾಲ್ ಟಿಕೆಟ್ ಹಿಡಿದು ಅರಕಲಗೂಡಿನ ಕಾಲೇಜಿನ ಗೇಟಿನ ತನಕ ಹೋಗಿ, ಒಳಗೆ ಕಾಲಿಡಲು ಹೆದರಿ, ಮುಂದಿನ ಬಸ್ಸಿಗೆ ವಾಪಸಾದೆ. ಪಾಸಾಗದಿದ್ದರೆ ಅಂಗನವಾಡಿ ಕೆಲಸಕ್ಕೆ ಅರ್ಜಿಯನ್ನೂ ಹಾಕುವಂತಿರಲಿಲ್ಲ. ಆ ಕೆಲಸದ ಮೇಲೆ ನನಗೆ ಪ್ರಾಣ.

ಮೂರನೇ ಸಲ ಅರಕಲಗೂಡಿನ ನಿವೃತ್ತ ಮೇಡಂ ಒಬ್ಬರ ಹತ್ತಿರ ಭಾನುವಾರದ ಪಾಠಕ್ಕೆ ಸೇರಿದೆ. ಪ್ರಧಾನ ವಾಕ್ಯ ಯಾವುದು, ಅದಕ್ಕೆ ಜೋತುಬಿದ್ದ ಉಪವಾಕ್ಯ ಯಾವುದು, 'ಎಂಜಾಯ್' ಬಂದರೆ ಮುಂದಿನ ಕ್ರಿಯಾಪದಕ್ಕೆ 'ಇಂಗ್' ಹಚ್ಚಬೇಕು, 'ವಾಂಟ್' ಬಂದರೆ 'ಟು' ಬೇಕು. ಇದನ್ನೆಲ್ಲ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತ ಗಟ್ಟಿಯಾಗಿ ಒಪ್ಪಿಸುತ್ತಿದ್ದೆ. ಎದುರಿಗೆ ನಮ್ಮತ್ತೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ನಾನು 'ಇಫ್ ಇಟ್ ರೇನ್ಸ್' ಅಂತ ಅರ್ಧಕ್ಕೆ ನಿಲ್ಲಿಸಿದರೆ ಸಾಕು, "ಮಿಕ್ಕಿದ್ದೆಲ್ಲವ್ವಾ? ಮುಗುದಂಗೆ ಕಾಣ್ನಿಲ್ವಲ್ಲ" ಅನ್ನುತ್ತಿದ್ದರು. ಬರೀ ನನ್ನ ರಾಗ ಕೇಳಿಯೇ ಹಿಡಿದುಬಿಡುತ್ತಿದ್ದರು! ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ಅಂತೂ ಆ ಸಲ ಪರೀಕ್ಷೆ ಬರೆದೆ. ಮಾರನೆಯ ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದರೆ ಸಾಲಿನಲ್ಲಿದ್ದವರ ಕೈಯಲ್ಲೆಲ್ಲ ಕಜ್ಜಾಯ! ಅತ್ತೆ ನನಗಿಂತ ಮೊದಲೇ ಡಬ್ಬಿ ತಂದು ಹಂಚಿಬಿಟ್ಟಿದ್ದರು. "ಪಾಸಾದ್ಯಂತಲ್ಲವ್ವ" ಅಂತ ಒಬ್ಬಾಕೆ ಕೆನ್ನೆ ಸವರಿದಳು. ಫಲಿತಾಂಶಕ್ಕೆ ಇನ್ನೂ ಒಂದು ತಿಂಗಳಿತ್ತು. ಕಜ್ಜಾಯದ ಹಿಟ್ಟು ಹದಕ್ಕೆ ಬರಲು ಎರಡು ದಿನವಾದರೂ ಬೇಕು; ಅಂದರೆ ನಾನು ಬರೆಯುವ ಮೊದಲೇ ಕಲಸಿಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಕ್ಯಾನು ಕುಕ್ಕಿ ಕೂಗಾಡಿದೆ. ಅತ್ತೆ ಆ ಕ್ಯಾನನ್ನೇ ಎತ್ತಿಕೊಂಡು ತೊಳೆಯಲು ಹೋದರು. ಆಮೇಲೆ ಒಂದು ತಿಂಗಳು ನಾನು ಡೈರಿ ಕಡೆ ತಲೆ ಹಾಕಲಿಲ್ಲ.

ಫಲಿತಾಂಶ ಮೊಬೈಲಿನಲ್ಲಿ ಬಂತು. ಇಂಗ್ಲಿಷಿಗೆ ಐವತ್ತೊಂದು! ಕೊಟ್ಟಿಗೆಗೆ ಓಡಿ, ಸಗಣಿ ಕೈಯಲ್ಲಿದ್ದ ಅತ್ತೆಯನ್ನು ಹಾಗೇ ತಬ್ಬಿಕೊಂಡು ಒಂದು ಸುತ್ತು ತಿರುಗಿಸಿದೆ. ಉಸಿರು ಹತೋಟಿಗೆ ಬಂದಮೇಲೆ ಕೇಳಿದೆ:

"ಅಲ್ಲ ಅತ್ತೆ, ಫೇಲಾಗಿದ್ರೆ ಏನ್ ಮಾಡ್ತಿದ್ರಿ? ಊರೋರ್ಗೆಲ್ಲ ಅಂಚ್ಬುಟ್ಟಿದ್ರಲ್ಲ!"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನಾನು ಅಂಚಿದ್ದು ಪಾಸಿಗಲ್ಲ ಕಣವ್ವ. ಈ ಸತಿ ನೀನು ಗೇಟ್ ತಾವಿಂದ ವಾಪಸ್ ಬರ್ನಿಲ್ವಲ್ಲ, ಒಳಕ್ಕೋದ್ಯಲ್ಲ, ಅದ್ಕೆ."