ಅಜ್ಜಿ ತೊಳೆದ ಸಿಂಹಗಳು

ಅಡುಗೆಮನೆಯಿಂದ ಹುಣಸೆಹಣ್ಣಿನಲ್ಲಿ ದೀಪ ಉಜ್ಜುವ ಹುಳಿ ವಾಸನೆ ಬಂದದ್ದೇ ತಡ, ನಾನು ಮತ್ತೆ ಚಿಕ್ಕಂದಿನ ಜಕ್ಕೂರಿನ ನಮ್ಮ ಹಿತ್ತಲಿನಲ್ಲಿದ್ದೆ.

ಸ್ವತಂತ್ರ ದೇಶದ ನಾಣ್ಯ ಹೇಗಿರಬೇಕೆಂದು ದೊಡ್ಡವರು ತಲೆ ಕೆಡಿಸಿಕೊಂಡಿದ್ದಾಗ, ಟಂಕಸಾಲೆಯಲ್ಲಿ ಪರೀಕ್ಷೆಗೆಂದು ಕೆಲವೇ ಹಿತ್ತಾಳೆ ನಾಣ್ಯಗಳಿಗೆ ಅಶೋಕಸ್ತಂಭದ ಸಿಂಹಗಳ ಅಚ್ಚು ಹಾಕಿದ್ದರಂತೆ. ಅಲ್ಲಿ ಗುಮಾಸ್ತನಾಗಿದ್ದ ಚಿಕ್ಕಪ್ಪ ಸಾಹೇಬರನ್ನು ಕಾಡಿ ಬೇಡಿ ಒಂದನ್ನು ಅಜ್ಜಿಗೆ ತೋರಿಸಲು ತಂದ. ಹೊರಡುವಾಗ ಮರೆತು ಹೋದ. ಅಜ್ಜಿ ಅದನ್ನು ದೇವರ ಗೂಡಿಗೆ ಸೇರಿಸಿದಳು. ಗೂಡು ಸೇರಿದ ಮೇಲೆ ಯಾರಿಗೂ ವಿನಾಯಿತಿಯಿಲ್ಲ: ಶುಕ್ರವಾರ ಬಂತೆಂದರೆ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು.

ಮುಂದಿನ ವರ್ಷ ಚಿಕ್ಕಪ್ಪ ಏದುಸಿರು ಬಿಡುತ್ತಾ ಬಂದ. "ಅವ್ವಾ, ಆ ನಾಣ್ಯ ಕೊಡು. ಸಾಹೇಬ್ರು ವಾಪಸ್ ಕೇಳವ್ರೆ. ಕೊಡ್ದಿದ್ರೆ ಕೆಲ್ಸ ಓಯ್ತದೆ."

ಅಜ್ಜಿ ಹೆಮ್ಮೆಯಿಂದ ಅಂಗೈ ಚಾಚಿದಳು. "ನೋಡ್ಲಾ, ಎಂಗೆ ಒಳೀತದೆ!"

ಅಚ್ಚು ತೆಳುವಾಗಿತ್ತೋ, ಅಜ್ಜಿಯ ಭಕ್ತಿ ದಪ್ಪವಾಗಿತ್ತೋ, ನಾಣ್ಯ ಕನ್ನಡಿಯಾಗಿತ್ತು. ಚಿಕ್ಕಪ್ಪ ತಿರುಗಿಸಿ ತಿರುಗಿಸಿ ನೋಡಿದ. "ಸಿಂಹ ಎಲ್ಲವ್ವಾ?"

"ಸಿಂಹವಾ? ಕೊಳೆ ಅನ್ಕಂಡೆ ಕಣ್ಲಾ..."

ಮಕ್ಕಳೆಲ್ಲ ಗೊಳ್ಳೆಂದು ನಕ್ಕೆವು. ಚಿಕ್ಕಪ್ಪ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅಜ್ಜಿಗೆ ಹಗುರವಾಗುತ್ತಿತ್ತು. ಮಗನನ್ನು ಊರಿಗೆಲ್ಲ ಕೇಳುವಂತೆ ಬೀಳ್ಕೊಡುತ್ತಿದ್ದವಳು ಅಂದು ಬಾಗಿಲಿಗೂ ಬರಲಿಲ್ಲ. ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಒಲೆ ಮುಂದೆ ಕುಳಿತಿದ್ದಳು.

ಸಾಹೇಬರಿಂದ ಬೈಗುಳ ತಿಂದರೂ ಚಿಕ್ಕಪ್ಪನ ಕೆಲಸ ಉಳಿಯಿತು. ಆದರೆ ಅಜ್ಜಿ ಮತ್ತೆ ದೇವರ ಸಾಮಾನು ಮುಟ್ಟಲಿಲ್ಲ. ನಮ್ಮಮ್ಮ ಉಜ್ಜುವಾಗ ದೂರ ನಿಂತು, "ಮೆಲ್ಲಕ್ಕೆ ಕಣವ್ವಾ, ಮೆಲ್ಲಕ್ಕೆ" ಎನ್ನುತ್ತಿದ್ದಳು.

ಈಗ ನನಗೆ ಅವಳ ವಯಸ್ಸು. ಅಂದು ನಕ್ಕಿದ್ದಕ್ಕೆ ಇಂದಿಗೂ ಮುಖ ಬಿಸಿಯಾಗುತ್ತದೆ.