ಮೇಷ್ಟ್ರಿಗೆ ಬಂದ ಬಿನ್ನವತ್ತಳೆ

ಪಾಂಡವಪುರದ ಸುತ್ತ ಯಾವ ಶಿಕ್ಷಕರು ನಿವೃತ್ತರಾದರೂ ಅವರಿಗೆ ಬಿನ್ನವತ್ತಳೆ ಬರೆದುಕೊಡುತ್ತಿದ್ದವರು ನಮ್ಮ ಪಕ್ಕದ ಮನೆಯ ಕನ್ನಡ ಮೇಷ್ಟ್ರು. ಸಮಾರಂಭದಲ್ಲಿ ಓದಿ, ಗಾಜು ಹಾಕಿಸಿ ಒಪ್ಪಿಸುವ ಹೊಗಳಿಕೆಯ ಪತ್ರ ಅದು. ಬರೆಯುವ ಮೊದಲು ನಮ್ಮ ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಆ ಶಿಕ್ಷಕರನ್ನು ಬಲ್ಲವರನ್ನೆಲ್ಲ ಕೇಳುವರು: "ಮೊದ್ಲು ಒಂದು ಕೆಟ್ಟ ಗುಣ ಹೇಳಿ. ಆಮೇಲೆ ಹೊಗಳವ." ಆ ಕೆಟ್ಟದ್ದನ್ನು ಬರೆಯುತ್ತಿರಲಿಲ್ಲ. ಆದರೆ ಅದು ತಿಳಿಯದೆ ಪೆನ್ನು ಮುಟ್ಟುತ್ತಿರಲಿಲ್ಲ.

ಈ ವರ್ಷ ಅವರೇ ನಿವೃತ್ತರಾದರು. ಜೊತೆಯ ಶಿಕ್ಷಕರು ಮೊಬೈಲಿನ ಎಐಗೆ ಹೇಳಿ ಬಿನ್ನವತ್ತಳೆ ಬರೆಸಿದ್ದರು. ಓದುವಾಗ ಮುಂದಿನ ಸಾಲಿನವರು ಕರವಸ್ತ್ರ ತೆಗೆದರು. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಸಂಜೆ ಮೇಷ್ಟ್ರು ಅದನ್ನು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು.

"ನಿಮಗೆ ಅಳು ಬಂತಂತಲ್ಲಮ್ಮ?"

"ಬಂತು ಮೇಷ್ಟ್ರೆ, ಸುಳ್ಯಾಕೆ ಹೇಳ್ಲಿ."

"ನಂಗೂ ಬಂತು. ಇದ್ರಲ್ಲಿ ನಾನು ಎಲ್ಲಿವ್ನಿ, ತೋರ್ಸಿ ನೋಡವ."

ಹುಡುಕಿದೆ. 'ತಾಳ್ಮೆಯಲ್ಲಿ ಭೂಮಿತಾಯಿ' ಎಂದಿತ್ತು. ಅದನ್ನು ಓದಿದ್ದೇ ತಡ, ನಮ್ಮ ಯಜಮಾನರು ನಕ್ಕುಬಿಟ್ಟರು.

"ಯಾವ ತಾಳ್ಮೆ ಮೇಷ್ಟ್ರೆ? ಸಾರಿಗೆ ಉಪ್ಪಿಲ್ಲ ಅಂತ ಬೀಗರ ಮನೇಲಿ ಎಲೆ ಬುಟ್ಟು ಎದ್ದೋದೋರು ನೀವು."

ಮೇಷ್ಟ್ರ ಮುಖ ಅರಳಿತು. "ಅಂಗನ್ನಿ. ಬೆಳಗ್ಗಿಂದ ಒಬ್ರೂ ಅನ್ಲಿಲ್ಲ."

ನಗುತ್ತಲೇ ಮನೆಗೆ ಹೋದರು. ಅಷ್ಟಾದರೂ ನಗಿಸಿ ಕಳಿಸಿದೆಯಲ್ಲಪ್ಪ ಎಂದು ದೇವರ ಗೂಡಿನ ಚೆಲುವರಾಯನಿಗೆ ದೀಪ ಹಚ್ಚಿ ಕೈಮುಗಿದೆ. ಆದರೆ ಆ ಪತ್ರದಲ್ಲಿ ಮೇಷ್ಟ್ರೇ ಇರಲಿಲ್ಲ ಎಂದ ಮೇಲೆ, ಸಭೆಯಲ್ಲಿ ಕೂತು ನಾನು ಅತ್ತದ್ದು ಯಾರಿಗಾಗಿ ಎಂದು ಮಾತ್ರ ಇನ್ನೂ ತಿಳಿದಿಲ್ಲ.