ಕತ್ತರಿಸದೆ ಉಳಿದಿದ್ದ ಹಾಳೆ

ಪುರಾವೆಯಿಲ್ಲದ ಒಂದು ಸಂಗತಿಯನ್ನು, ಹೇಳುವವನ ಪ್ರಾಮಾಣಿಕತೆಯನ್ನಷ್ಟೇ ನಂಬಿ ನೀವು ಒಪ್ಪುವಿರಾ? ಒಪ್ಪಬಾರದೆಂದು ವಾದಿಸಿ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನು ನಾನು. ಆರು ವರ್ಷಗಳ ಹಿಂದಿನ ಒಂದು ಅಮಾವಾಸ್ಯೆಯ ಮಧ್ಯಾಹ್ನದವರೆಗೂ ನನ್ನ ಆ ನಿಲುವು ಅಲುಗಿರಲಿಲ್ಲ.

ನಮ್ಮೂರು ಕ್ಯಾತನಹಳ್ಳಿಯ ಬಡಗಿ ಕಾಳಾಚಾರ್ ತಾತನಿಗೆ ಓದು ಬರದು. ಅಮಾವಾಸ್ಯೆಯಂದು ಆ ಮನೆತನದವರು ಉಳಿ, ಬಾಚಿಗಳನ್ನು ತೊಳೆದಿಟ್ಟರೆ ಮರುದಿನದವರೆಗೆ ಮುಟ್ಟುವುದಿಲ್ಲ. ಇದು ಮೂಢನಂಬಿಕೆಯೆಂದು ಎಷ್ಟೋ ಸಲ ವಾದಿಸಿದ್ದೆ. ಆದರೂ ಆ ಬಿಡುವಿನಲ್ಲೇ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದೆ. ಆ ವರ್ಷ ಹಿಡಿದದ್ದು, ವರ್ಷಗಟ್ಟಲೆ ಹಡಗಿನಲ್ಲಿ ಸುತ್ತಿ ಜೀವಿಗಳನ್ನು ಗಮನಿಸಿದ ಒಬ್ಬ ತರುಣನ ದಿನಚರಿ. "ಮೀನು, ಚಿಪ್ಪು ನೋಡ್ಕಂಡ್ ಕುಂತವ್ನಲ್ಲ, ಬ್ಯಾರೆ ಗೇಮೆ ಇಲ್ವೇನ್ಲಾ ಅವ್ನಿಗೆ?" ಎಂದು ತಮಾಷೆ ಮಾಡುತ್ತಿದ್ದ ತಾತ, ಬರಬರುತ್ತ ಅವನನ್ನು ಮೊಮ್ಮಗನಂತೆ ಹಚ್ಚಿಕೊಂಡರು. ಅಷ್ಟರಲ್ಲಿ ಅವರ ಕಿವಿ ಮಂದವಾಗತೊಡಗಿತು. ಇನ್ನು ಕೆಲವು ವಾರಗಳಲ್ಲಿ ಏನೂ ಕೇಳಿಸದಂತಾಗುತ್ತದೆ ಎಂದರು ವೈದ್ಯರು. "ಅವ್ನು ಊರು ಸೇರೋದ ಕೇಳ್ಬೇಕು ಕಣ್ಲಾ, ಬ್ಯಾಗ ಓದು" ಎಂಬುದೊಂದೇ ಅವರ ಹಟ.

ಅಂದು ಅವರ ಎಡಗಿವಿಯ ಬಳಿ ಕುಳಿತು ಕೊನೆಯ ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದೆ. ಒಂದು ಹಾಳೆ ಮಗುಚಿದೊಡನೆ ತಾತ ನನ್ನ ಕೈ ಹಿಡಿದರು.

"ತಂಗೀಗೆ ಕಾಗ್ದ ಬರ್ದಿದ್ದ ಯಾಕ್ಲಾ ಬುಟ್ಬುಟ್ಟೆ?"

"ಯಾವ ಕಾಗ್ದ ತಾತ? ಇದ್ರಲ್ಲಿ ಇಲ್ವಲ್ಲ."

"ಐತೆ, ನೋಡು. ಓದ್ದೋನು ನೀನೋ ನಾನೋ?"

ನೋಡಿದೆ. ಎರಡು ಹಾಳೆಗಳ ಅಂಚು ಅಚ್ಚಾದಂದಿನಿಂದ ಕತ್ತರಿಸದೆ ಹಾಗೆಯೇ ಉಳಿದಿತ್ತು. ಕೂಡಿಕೊಂಡಿದ್ದ ಅವನ್ನು ಒಂದೇ ಎಂದು ಮಗುಚಿದ್ದೆ. ಕೈಯಲ್ಲಿ ಹರಿದರೆ ಅಕ್ಷರಗಳು ಕೆಡುತ್ತಿದ್ದವು. "ನಾಳೆ ಬಿಡ್ಸಾನ ಬುಡು ತಾತ, ಇವತ್ತು ಅಮಾಸೆ" ಎಂದವನು ನಾನೇ. ತಾತ ಎದ್ದು, ತೊಳೆದಿಟ್ಟಿದ್ದ ಉಳಿಯನ್ನು ತಂದು ಅಂಚನ್ನು ನಾಜೂಕಾಗಿ ಸೀಳಿದರು. ಒಳಪುಟದಲ್ಲಿ, ತರುಣ ತಂಗಿಗೆ ಬರೆದ ಕಾಗದದ ನಕಲಿತ್ತು.

ಹಾಳೆಯ ದಪ್ಪವನ್ನು ಬಡಗಿಯ ಕಣ್ಣು ಗುರುತಿಸಿರಬಹುದು. ಆದರೆ ಕಾಗದದ ವಿಷಯ? ಆ ಪುಸ್ತಕವನ್ನು ಅವರಿಗೆ ಬೇರೆ ಯಾರೂ ಓದಿರಲಿಲ್ಲ. ಕೇಳಿದ್ದಕ್ಕೆ, "ನೀನೇ ಓದ್ದಂಗಾಯ್ತು ಕಣ್ಲಾ" ಎಂದರಷ್ಟೇ.

ಸಂಜೆಯೊಳಗೆ ತರುಣ ಊರು ಸೇರಿದ. "ಸೇರ್ಕಂಡ್ನಲ್ಲ, ಬುಡು" ಎಂದು ತಾತ ಕಣ್ಣೊರೆಸಿಕೊಂಡರು. ಮುಂದಿನ ಅಮಾವಾಸ್ಯೆಗೆ ನನ್ನ ದನಿ ಅವರಿಗೆ ಕೇಳಿಸಲಿಲ್ಲ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಓದು ಬಾರದ ಹಿರಿಯರಿದ್ದರೆ, ದಯವಿಟ್ಟು ಈ ವಾರವೇ ಒಂದು ಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿ.